ಪ್ಲ್ಯಾಬ್ ಬರೆದು ಎನ್‌ಎಚ್‌ಎಸ್‌ಗೆ ಹೋಗೋದು ಈಗಲೂ ಸರಿನಾ? ಅಷ್ಟು ರೋಗಿಗಳಿದ್ದೂ ಡಾಕ್ಟರ್‌ಗೆ ಕೆಲಸ ಯಾಕಿಲ್ಲ?

ತಾಲ್ಲೂಕು_ಡ್ಯೂಟಿಡಾಕ್ಟರ್:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಓದಿ. ನಾನು ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಆಸ್ಪತ್ರೇಲಿ ಕಾಂಟ್ರ್ಯಾಕ್ಟ್ ಡಾಕ್ಟರ್. ಎಂಬಿಬಿಎಸ್ ಆದ್ಮೇಲೆ ಕಡ್ಡಾಯ ಸೇವೆಗೆ ಇಲ್ಲಿಗೆ ಹಾಕಿದ್ರು, ಅದು ಮುಗಿದ್ಮೇಲೂ ಇಲ್ಲೇ ಉಳ್ಕೊಂಡೆ. ಜನರಲ್ ಮೆಡಿಸಿನ್ ಮಾಡಬೇಕು ಅಂತ ಆಸೆ, ಪಿಜಿ ನೀಟ್‌ನಲ್ಲಿ ಸರ್ಕಾರಿ ಸೀಟು ಸಿಗೋ ರ‍್ಯಾಂಕ್ ಬರ್ಲಿಲ್ಲ, ಮ್ಯಾನೇಜ್‌ಮೆಂಟ್ ಸೀಟಿಗೆ ಕೇಳೋ ದುಡ್ಡು ಅಪ್ಪ ಇರೋ ಹೊಲ ಪೂರ್ತಿ ಮಾರಿದ್ರೂ ಹುಟ್ಟೋದಿಲ್ಲ. ಹಾಗಾಗಿ ಪ್ಲ್ಯಾಬ್ ಬರೆಯೋಣ ಅಂತ ಯೋಚನೆ, ಅದೇ ಹೊರದೇಶದ ಡಾಕ್ಟರ್‌ಗಳು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಕೆಲಸ ಮಾಡೋಕೆ ಬರೆಯೋ ಎರಡು ಹಂತದ ಪರೀಕ್ಷೆ. ನಮ್ಮ ಹಾಸ್ಟೆಲ್ ಸೀನಿಯರ್ಸ್ ಸುಮಾರು ಜನ ಕೋವಿಡ್ ಆದ್ಮೇಲೆ ಹೋದೋರು, ಅವರಿಗೆಲ್ಲ ಬೇಗ ಬೇಗ ಕೆಲಸ ಸಿಕ್ತು. ಈಗ ಅವರನ್ನೇ ಕೇಳಿದ್ರೆ "ಸದ್ಯಕ್ಕೆ ಬರಬೇಡ ಕಣೇ, ಪ್ಲ್ಯಾಬ್ ಟೂ ಪಾಸಾದೋರು ವರ್ಷಗಟ್ಟಲೆ ಅಪ್ಲೈ ಮಾಡ್ತಾ ಕೂತಿದ್ದಾರೆ" ಅಂತಾರೆ.

ನನಗೆ ತಲೆಗೆ ಹೋಗದೇ ಇರೋದು ಇದು. ಇಂಗ್ಲೆಂಡ್‌ನಲ್ಲಿ ವೇಟಿಂಗ್ ಲಿಸ್ಟ್ 70 ಲಕ್ಷದ ಮೇಲಿದೆ, ಎಮರ್ಜೆನ್ಸಿಗೆ ಬಂದೋರನ್ನ ಕಾರಿಡಾರ್‌ನಲ್ಲೇ ಮಲಗಿಸ್ತಾರೆ ಅಂತ ಓದ್ತೀನಿ. ಅಂದ್ಮೇಲೆ ಡಾಕ್ಟರ್‌ಗಳು ಬೇಕು ತಾನೆ? ಮತ್ತೆ ಪಾಸಾದೋರಿಗೆ ಕೆಲಸ ಯಾಕಿಲ್ಲ? ಅಲ್ಲಿರೋ ಡಾಕ್ಟರ್‌ಗಳು ಯಾಕೆ ಮೇಲಿಂದ ಮೇಲೆ ಸ್ಟ್ರೈಕ್ ಮಾಡ್ತಾರೆ? ಶ್ರೀಮಂತ ದೇಶ, ನಿಜವಾಗ್ಲೂ ದುಡ್ಡಿಲ್ವಾ ಅಥವಾ ಕೊಡೋಕೆ ಮನಸ್ಸಿಲ್ವಾ?

ಇಲ್ಲಿನ ಕಷ್ಟದಿಂದ ಓಡಿಹೋಗ್ತಿದ್ದೀನಿ ಅಂತ ದಯವಿಟ್ಟು ಅನ್ಕೋಬೇಡಿ. ನೈಟ್ ಡ್ಯೂಟಿಗೆ ನಾನೊಬ್ಳೇ ಇರ್ತೀನಿ, ಲೇಬರ್ ರೂಮಿಂದ ಸ್ಟಾಫ್ ನರ್ಸ್ ಕರೀತಿರ್ತಾರೆ, ಆಗಲೇ ಬೈಕ್ ಆಕ್ಸಿಡೆಂಟ್ ಎಂಎಲ್‌ಸಿ (ಪೊಲೀಸ್ ಕೇಸ್) ಬಂದಿರತ್ತೆ, ಅದರ ಮಧ್ಯೆ ಹಾವು ಕಚ್ಚಿದೋರನ್ನ ಆಟೋದಲ್ಲಿ ಹಾಕ್ಕೊಂಡು ಬರ್ತಾರೆ. ಇದನ್ನೆಲ್ಲ ಮಾಡ್ತೀನಿ, ಮಾಡೋಕೆ ಇಷ್ಟಾನೂ ಇದೆ. ಆದ್ರೆ ಇಂಡೆಂಟ್ ಹಾಕಿದ, ಅಂದ್ರೆ ಸ್ಟೋರ್‌ಗೆ ಬರೆದು ಕೇಳಿದ ಔಷಧಿ ಎಷ್ಟೋ ಸಲ ಬರೋದೇ ಇಲ್ಲ, ನಾನೇ ಹೊರಗಡೆ ಮೆಡಿಕಲ್‌ಗೆ ಚೀಟಿ ಬರೀಬೇಕು, ಕೂಲಿ ಮಾಡೋ ಹೆಂಗಸು ಆ ಚೀಟಿ ಹಿಡ್ಕೊಂಡು "ಎಷ್ಟಾಗತ್ತಮ್ಮ" ಅಂತ ಕೇಳಿದಾಗ ಉತ್ತರ ಹೇಳೋದು ತುಂಬಾ ಕಷ್ಟ. ಸಂಬಳ ಅನುದಾನ ಬಂದಾಗ ಬರತ್ತೆ. ಇಷ್ಟರ ಮೇಲೆ ಇಲ್ಲಿದ್ರೆ ನಾನು ಏನೂ ಕಲಿಯೋದಿಲ್ಲ, ಹೇಳಿಕೊಡೋರು ಯಾರೂ ಇಲ್ಲ ಅನ್ನೋ ಭಯ. ಅಲ್ಲಿರೋರು ಇದ್ದದ್ದು ಇದ್ದಂಗೆ ಹೇಳಿ.


ಹುಬ್ಬಳ್ಳಿ_ಮೆಡ್‌ರೆಗ್:

ಡಾಕ್ಟ್ರ, ನಮಸ್ಕಾರ್ರಿ. ನಾ ಕಿಮ್ಸ್‌ನ್ಯಾಗ ಓದಿ ಪ್ಲ್ಯಾಬ್ ಬರದು ಬಂದಾಂವ, ಈಗ ಉತ್ತರ ಇಂಗ್ಲೆಂಡಿನ ಒಂದು ಆಸ್ಪತ್ರ್ಯಾಗ ಮೆಡಿಕಲ್ ರಿಜಿಸ್ಟ್ರಾರ್, ಅಂದ್ರ ಕನ್ಸಲ್ಟಂಟ್ ಕೆಳಗಿನ ಸೀನಿಯರ್ ಡಾಕ್ಟರ್ ಅದೀನಿ. ನಿಮ್ಮ ಪ್ರಶ್ನೆ ಅಗದೀ ಸರಿ ಐತಿ. ರೋಗಿಗಳು ಅದಾರ, ಕೆಲಸ ಬೆಟ್ಟದಷ್ಟ ಐತಿ, ಪೋಸ್ಟ್ ಇಲ್ಲ. ಪೋಸ್ಟ್ ಹುಟ್ಟೂದು ರೋಗಿಗಳ ಸಂಖ್ಯಾ ನೋಡಿ ಅಲ್ಲರಿ, ಬಜೆಟ್ ನೋಡಿ. ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರ ಇಲ್ಲೆ ಬರೂಮುಂದ ನನಗೂ ಇದನ್ನ ಯಾರೂ ಹೇಳಿರಲಿಲ್ಲ.

ಎನ್‌ಎಚ್‌ಎಸ್‌ಗೆ ರೊಕ್ಕ ಕಡಿಮಿ ಮಾಡೀವಿ ಅಂತ ಯಾವ ಸರ್ಕಾರಾನೂ ಬಾಯಿಬಿಟ್ಟು ಹೇಳೂದಿಲ್ಲ. ಪ್ರತಿ ವರ್ಷ "ಇತಿಹಾಸದಾಗ ಅತಿ ಹೆಚ್ಚು" ಅಂತನ ಹೇಳತಾರ, ಲೆಕ್ಕದ ಪ್ರಕಾರ ಅದು ಸುಳ್ಳೂ ಅಲ್ಲ. 1948ರಾಗ ಶುರು ಆದಾಗಿಂದ ಬೆಲೆ ಏರಿಕೆ ಕಳದು ಸರಾಸರಿ ವರ್ಷಕ್ಕ ಸುಮಾರು 3.6 ಪರ್ಸೆಂಟ್ ಹೆಚ್ಚಗಿ ಕೊಡಕೋಂತ ಬಂದಿದ್ರು. 2010ರಾಗ ಹೊಸ ಸರ್ಕಾರ ಬಂದು ಖರ್ಚು ಬಿಗಿ ಮಾಡಿದ ಮ್ಯಾಲ ಆ ದಶಕದಾಗ ಅದು ಸುಮಾರು 1 ಪರ್ಸೆಂಟಿಗೆ ಬಂತು. ಜನ ಹೆಚ್ಚಾದ್ರು, ವಯಸ್ಸಾದವ್ರು ಇನ್ನೂ ಹೆಚ್ಚಾದ್ರು, ಕ್ಯಾನ್ಸರ್ ಔಷಧ ತುಟ್ಟಿ ಆದುವು. ಹಂಗಾಗಿ ಹೆಸರಿಗೆ ಏರಿಕೆ, ಒಬ್ಬೊಬ್ಬ ರೋಗಿ ಲೆಕ್ಕದಾಗ ನೋಡಿದ್ರ ಹಿಂಡಿಕೆ.

ಆ ಹಿಂಡಿಕೆ ಎಲ್ಲೆ ಬಿತ್ತು ಅನ್ನೂದ ಮುಖ್ಯ. ಡಾಕ್ಟರ್, ನರ್ಸ್ ಸಂಬಳ ತಿಂಗಳಿಗೆ ಕೊಡಲೇಬೇಕು, ಅದನ್ನ ನಿಲ್ಲಸಾಕ ಬರೂದಿಲ್ಲ. ಅದಕ್ಕ ಕಟ್ಟಡ, ಮಷೀನಿಗೆ ಅಂತ ಇಟ್ಟ ರೊಕ್ಕ ತಗದು ದಿನದ ಖರ್ಚಿಗೆ ಹಾಕಿದ್ರು, 2014ರಿಂದ ಐದಾರು ವರ್ಷದಾಗ 4 ಬಿಲಿಯನ್ ಪೌಂಡ್‌ಗಿಂತ ಹೆಚ್ಚು ಹಿಂಗ ಹೋತು. ಕಿಂಗ್ಸ್ ಲಿನ್ ಅನ್ನೂ ಊರಿನ ಕ್ವೀನ್ ಎಲಿಜಬೆತ್ ಆಸ್ಪತ್ರೆ ಸುದ್ದಿ ನೋಡ್ರಿ, ಮೂವತ್ತು ವರ್ಷ ಬಾಳಕಿ ಬರ್ತೈತಿ ಅಂತ ಹಗುರ ಕಾಂಕ್ರೀಟಿನಾಗ 1980ರ ಸುಮಾರಿಗೆ ಕಟ್ಟಿದ್ದು, ಇವತ್ತಿಗೂ ಮಾಳಿಗಿ ಬೀಳಬಾರದು ಅಂತ ಸಾವಿರಾರು ಕಂಬ ಊರಿ ನಿಲ್ಲಿಸ್ಯಾರ, ಅದರ ನಡುವ ವಾರ್ಡ್ ನಡದಾವ. 2024ರ ಸೆಪ್ಟೆಂಬರ್‌ನ್ಯಾಗ ಸರ್ಜನ್ ಲಾರ್ಡ್ ಡಾರ್ಜಿ ವರದಿ ಕೊಟ್ರಲ್ಲ, ಅದರಾಗ ರಿಪೇರಿ ಬಾಕಿನ 11 ಬಿಲಿಯನ್ ಪೌಂಡ್ ದಾಟೇತಿ ಅಂತ ಬರದಾರ.

ಇನ್ನೊಂದು ಏಟು ಬಿದ್ದಿದ್ದು ಆಸ್ಪತ್ರೆ ಹೊರಗ, ಮತ್ತ ನನ್ನ ಪ್ರಕಾರ ಇದ ದೊಡ್ಡದು. ಇಲ್ಲೆ ವಯಸ್ಸಾದವ್ರನ್ನ ಮನ್ಯಾಗ ನೋಡಿಕೊಳ್ಳೂ ಕೆಲಸ ಕೌನ್ಸಿಲ್‌ದು, ಅಂದ್ರ ನಮ್ಮ ಮಹಾನಗರ ಪಾಲಿಕೆ ಇದ್ದಂಗ. ಆ ಕೌನ್ಸಿಲ್‌ಗಳ ಗ್ರ್ಯಾಂಟ್ ಭಾರೀ ಕಡದ್ರು. ಈಗ ನನ್ನ ವಾರ್ಡಿಗೆ ಬರ್ರಿ. ಎಂಬತ್ತು ದಾಟಿದ ಒಬ್ಬ ಅಜ್ಜ, ನ್ಯುಮೋನಿಯಾ ಇತ್ತು, ವಾಸಿ ಆತು, ಆ್ಯಂಟಿಬಯೋಟಿಕ್ ಮುಗೀತು, ನೋಟ್ಸ್‌ನ್ಯಾಗ "ಮೆಡಿಕಲಿ ಫಿಟ್" ಅಂತ ಬರದೇನಿ. ಆದ್ರ ಅಂವ ಒಬ್ಬನ ಇರ್ತಾನ, ಬಚ್ಚಲಕ್ಕ ಹೋಗಾಕ ಕೈ ಹಿಡಿಯವ್ರು ಬೇಕು, ದಿನಕ್ಕ ನಾಕು ಸಲ ಕೇರರ್ ಬರಬೇಕು. ಕೇರರ್ ಇಲ್ಲ. ಮುಂಜಾನೆ ರೌಂಡ್ಸ್‌ಗೆ ಹೋದ್ರ ಅಂವ ಕೋಟು ಹಾಕ್ಕೊಂಡು ಕುರ್ಚಿ ಮ್ಯಾಲ ಕುಂತಿರ್ತಾನ, "ಇವತ್ತರ ಕಳಸ್ತೀರೇನು ಡಾಕ್ಟರ್" ಅಂತಾನ. ಇಂಥವ್ರು ಇಂಗ್ಲೆಂಡಿನ್ಯಾಗ ಯಾವ ದಿನ ನೋಡಿದ್ರೂ ಸುಮಾರು 12,000 ಮಂದಿ ಅದಾರ. ಅಂವ ಹೋಗಲಿಲ್ಲ ಅಂದ್ರ ಕೆಳಗ ಎ ಅಂಡ್ ಇ (ಎಮರ್ಜೆನ್ಸಿ) ಒಳಗ ಅಡ್ಮಿಟ್ ಆದವ್ರು ಮ್ಯಾಲ ಬರಾಕ ಆಗೂದಿಲ್ಲ. ಅವ್ರು ಕಾರಿಡಾರಿಗೆ ಬರತಾರ. ನಮ್ಮಲ್ಲೆ ಕಾರಿಡಾರ್ ಗ್ವಾಡಿಗೆ ಲ್ಯಾಮಿನೇಟ್ ಮಾಡಿದ ನಂಬರ್ ಹಚ್ಚ್ಯಾರ್ರಿ, ಸಿ 1, ಸಿ 2 ಅಂತ, ಈಗ ಅದೂ ಒಂದು ಬೆಡ್ ಲೆಕ್ಕ. ಸಿ 7ರಾಗ ಮಲಗಿದ ಅಜ್ಜಿಗೆ ರಕ್ತ ಹೊಂಟೈತೇನು ಅಂತ ಕೇಳಬೇಕಂದ್ರ ಕಡೇಕ ಹಾದು ಹೋಗೂ ಮಂದಿ ಮುಂದ ಸಣ್ಣ ದನಿಯಾಗ ಕೇಳಬೇಕು. ಎ ಅಂಡ್ ಇ ತುಂಬೇತಿ ಅಂದ್ರ ಆ್ಯಂಬುಲೆನ್ಸ್ ಹೊರಗ ಸಾಲಾಗಿ ನಿಲ್ತಾವ, ರೋಗಿ ಇಳಸಾಕ ಜಾಗ ಇಲ್ಲ. 2022ರ ಡಿಸೆಂಬರ್‌ನ್ಯಾಗ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಅಂತ ಫೋನ್ ಮಾಡಿದವ್ರಿಗೆ ಆ್ಯಂಬುಲೆನ್ಸ್ ಮುಟ್ಟಾಕ ಸರಾಸರಿ ಒಂದೂವರೆ ತಾಸು ಹಿಡದಿತ್ತು, ಟಾರ್ಗೆಟ್ ಇರೂದು 18 ನಿಮಿಷ. ಕೌನ್ಸಿಲ್ ಕಚೇರ್ಯಾಗ ಕತ್ತರಿ ಹಾಕಿದ್ದು ಹಿಂಗ ಎದಿ ನೋವಿನವನ ಮನೀತನಕ ಬರ್ತೈತಿ.

ಈಗ ನಿಮ್ಮ ಕೆಲಸದ ವಿಷಯ. ಸ್ಪೆಷಾಲಿಟಿ ಟ್ರೇನಿಂಗ್ ಪೋಸ್ಟ್ (ನಮ್ಮಲ್ಲೆ ಪಿಜಿ ಇದ್ದಂಗ) ಎಷ್ಟು ಅಂತ ಮ್ಯಾಲಿನವ್ರು ರೊಕ್ಕ ನೋಡಿ ಠರಾವಸ್ತಾರ. ಮೆಡಿಕಲ್ ಕಾಲೇಜ್ ಸೀಟು ಹೆಚ್ಚ ಮಾಡಿದ್ರು, 2019ರ ಅಕ್ಟೋಬರ್‌ನ್ಯಾಗ ಡಾಕ್ಟರ್‌ಗಳನ್ನ ಕೊರತೆ ಪಟ್ಟಿಗೆ ಸೇರಿಸಿ ಹೊರಗಿನವ್ರಿಗೂ ಬಾಗಿಲಾ ತಗದ್ರು, ನಿಮ್ಮ ಸೀನಿಯರ್ಸ್ ಬಂದಿದ್ದು ಆ ಬಾಗಿಲದಾಗ. ಟ್ರೇನಿಂಗ್ ಪೋಸ್ಟ್ ಮಾತ್ರ ಅದಕ್ಕ ತಕ್ಕಂಗ ಬೆಳೀಲಿಲ್ಲ. 2025ರಾಗ ಸುಮಾರು 10,000 ಪೋಸ್ಟಿಗೆ 30,000ಕ್ಕಿಂತ ಹೆಚ್ಚು ಡಾಕ್ಟರ್‌ಗಳು ಅರ್ಜಿ ಹಾಕಿದ್ರು. ಟ್ರೇನಿಂಗ್ ಅಲ್ಲದ ಕ್ಲಿನಿಕಲ್ ಫೆಲೋ ಪೋಸ್ಟ್ ಅದಾವಲ್ಲ, ಪ್ಲ್ಯಾಬ್ ಮುಗಿಸಿದವ್ರು ಮೊದಲು ಸೇರೂದು ಅಲ್ಲೆ, ಅವನ್ನ ಟ್ರಸ್ಟ್‌ಗಳು, ಅಂದ್ರ ಆಸ್ಪತ್ರೆ ನಡಸೂ ಎನ್‌ಎಚ್‌ಎಸ್ ಸಂಸ್ಥೆಗಳು, ತಮ್ಮ ಬಜೆಟ್‌ನ್ಯಾಗ ಕೊಡಬೇಕು, ಟ್ರಸ್ಟ್‌ಗಳ ಮ್ಯಾಲ ಲೆಕ್ಕ ಸರಿ ಮಾಡ್ರಿ ಅಂತ ಒತ್ತಡ. ರೋಟಾದಾಗ (ಡ್ಯೂಟಿ ಪಟ್ಟಿ) ಜಾಗ ಖಾಲಿ ಇದ್ರೂ ತುಂಬೂದಿಲ್ಲ, ಇದ್ದವ್ರ ಎರಡೆರಡು ಬ್ಲೀಪ್ (ಡ್ಯೂಟಿ ಪೇಜರ್) ಹಿಡಕೊಂಡು ಓಡಾಡತೀವಿ. 2025ರ ಜುಲೈದಾಗ ಬಂದ ಸರ್ಕಾರದ ಹತ್ತು ವರ್ಷದ ಪ್ಲಾನ್‌ನ್ಯಾಗ ಇಲ್ಲೇ ಓದಿದವ್ರಿಗೆ, ಮತ್ತ ಎನ್‌ಎಚ್‌ಎಸ್‌ನ್ಯಾಗ ಭಾಳ ದಿನ ಕೆಲಸ ಮಾಡಿದವ್ರಿಗೆ ಟ್ರೇನಿಂಗ್‌ನ್ಯಾಗ ಮೊದಲ ಆದ್ಯತೆ ಅಂತ ಬರದಾರ, ಹೊರಗಿನವ್ರನ್ನ ತಗೊಳ್ಳೂದನ್ನ 2035ರ ಹೊತ್ತಿಗೆ 10 ಪರ್ಸೆಂಟ್ ಒಳಗ ತರ್ತೀವಿ ಅಂತಾನೂ. ಈ ಗಾಳಿ ಯಾವ ದಿಕ್ಕಿಗೆ ಬೀಸಾಕತ್ತೈತಿ ಅನ್ನೂದು ನೋಡಿ ಹೆಜ್ಜಿ ಇಡ್ರಿ.


ಕುಡ್ಲ_ಜಿಪಿ:

ಹುಬ್ಬಳ್ಳಿಯವರು ಹೇಳಿದ್ದು ಸರಿಯೇ, ನಾನು ಆಸ್ಪತ್ರೆಯ ಹೊರಗಿನ ಕಥೆ ಹೇಳ್ತೇನೆ. ನಾನು ಮಿಡ್‌ಲ್ಯಾಂಡ್ಸ್‌ನಲ್ಲಿ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ್, ತುಂಬ ವರ್ಷ ಆಯ್ತು. ಇಲ್ಲಿ ವಿಚಿತ್ರ ಎಂತ ಗೊತ್ತುಂಟಾ, ಜಿಪಿ ಅಪಾಯಿಂಟ್‌ಮೆಂಟ್ ಸಿಗುದಿಲ್ಲ ಅಂತ ಊರಿಡೀ ಬೊಬ್ಬೆ, ಬೆಳಿಗ್ಗೆ ಎಂಟಕ್ಕೆ ಫೋನ್ ಲೈನ್ ಓಪನ್ ಆದ ಕೂಡಲೇ ಕ್ಯೂ, ಎಂಟೂವರೆಗೆ ಎಲ್ಲ ಖಾಲಿ. ಅದೇ ಹೊತ್ತಿಗೆ ಟ್ರೇನಿಂಗ್ ಮುಗಿಸಿದ ಜಿಪಿಗಳು ಕೆಲಸ ಹುಡುಕ್ತಾ ಇದ್ದಾರೆ. ಎರಡೂ ಒಂದೇ ಊರಲ್ಲಿ.

ಇದು ಯಾಕೆ ಅಂದರೆ ದುಡ್ಡಿಗೆ ಹೆಸರು ಬರೆದು ಕೊಡ್ತಾರೆ ಮಾರಾಯ್ರೆ. 2019ರಿಂದ ಒಂದು ಫಂಡ್ ಉಂಟು, ಅದರಲ್ಲಿ ಫಾರ್ಮಸಿಸ್ಟ್, ಫಿಸಿಯೋ, ಪ್ಯಾರಾಮೆಡಿಕ್ ಇವರನ್ನೆಲ್ಲ ಇಟ್ಟುಕೊಳ್ಳಬಹುದು, ಸಂಬಳ ಸರ್ಕಾರ ಕೊಡ್ತದೆ. ಆದರೆ ಡಾಕ್ಟರನ್ನು ಇಟ್ಟುಕೊಳ್ಳಲಿಕ್ಕೆ ಆಗ್ತಾ ಇರಲಿಲ್ಲ! 2024ರ ಅಕ್ಟೋಬರಿನಲ್ಲಿ ಮಾತ್ರ ಹೊಸ ಜಿಪಿಗಳಿಗೆ ಸ್ವಲ್ಪ ಬಾಗಿಲು ತೆರೆದರು. ಉಳಿದ ಆದಾಯ ತಲೆ ಲೆಕ್ಕ, 2025ರಲ್ಲಿ ಒಬ್ಬ ಪೇಷಂಟಿಗೆ ವರ್ಷಕ್ಕೆ ಸುಮಾರು 120 ಪೌಂಡ್, ಅವರು ಒಂದು ಸಲ ಬರಲಿ, ಮೂವತ್ತು ಸಲ ಬರಲಿ. ಅದರಲ್ಲೇ ನರ್ಸ್, ರಿಸೆಪ್ಷನ್, ಕರೆಂಟ್, ಎಲ್ಲ. 2025ರ ಏಪ್ರಿಲಿನಿಂದ ನೌಕರರ ಪರವಾಗಿ ಕಟ್ಟುವ ನ್ಯಾಷನಲ್ ಇನ್ಶೂರೆನ್ಸ್ 13.8ರಿಂದ 15 ಪರ್ಸೆಂಟಿಗೆ ಹೋಯ್ತು, ಆಸ್ಪತ್ರೆಗಳಿಗೆ ಅದನ್ನು ಸರ್ಕಾರ ತುಂಬಿಕೊಟ್ಟಿತು, ನಮಗೆ ವಿನಾಯಿತಿ ಕೊಡಲಿಲ್ಲ. ಒಬ್ಬ ಡಾಕ್ಟರನ್ನು ಸೇರಿಸಬೇಕಿದ್ದ ಜಾಗದಲ್ಲಿ ಆ ಬಿಲ್ಲು ಕೂತಿತು.

ನನಗೆ ಹೆಚ್ಚು ಬೇಜಾರು ಆಗುದು ಪಬ್ಲಿಕ್ ಹೆಲ್ತ್ ವಿಷಯದಲ್ಲಿ. ಸಿಗರೇಟ್ ಬಿಡಿಸುವ ಕ್ಲಿನಿಕ್, ಕುಡಿತ ಬಿಡಿಸುವುದು, ಮಕ್ಕಳ ಮನೆಗೆ ಹೋಗುವ ಹೆಲ್ತ್ ವಿಸಿಟರ್, ಇದೆಲ್ಲ ಕೌನ್ಸಿಲಿನ ಗ್ರ್ಯಾಂಟಿನಲ್ಲಿ ನಡೀತದೆ, 2015ರ ನಂತರ ಆ ಗ್ರ್ಯಾಂಟ್ ಬೆಲೆ ಏರಿಕೆ ಲೆಕ್ಕ ಹಾಕಿದರೆ ಕಾಲು ಭಾಗದಷ್ಟು ಇಳಿದಿದೆ. ನನ್ನ ಸಿಒಪಿಡಿ (ವಾಸಿಯಾಗದ ಶ್ವಾಸಕೋಶದ ಕಾಯಿಲೆ) ಪೇಷಂಟ್ ಒಬ್ಬರು ಒಂದು ನರ್ಸಿನ ಹತ್ತಿರ ವಾರ ವಾರ ಹೋಗಿ ಸಿಗರೇಟ್ ಬಿಡ್ತಾ ಇದ್ದರು, ಬಹಳ ಕಡಿಮೆ ಆಗಿತ್ತು. ಆ ಸರ್ವಿಸ್ ಮುಚ್ಚಿತು, ಒಂದು ಆ್ಯಪ್ ಕೊಟ್ಟರು. ಅವರಿಗೆ ಸ್ಮಾರ್ಟ್‌ಫೋನೇ ಇರಲಿಲ್ಲ. ಈಗ ಚಳಿಗಾಲ ಬಂದರೆ ಅವರು ಹುಬ್ಬಳ್ಳಿಯವರು ಹೇಳಿದ ಅಂಥ ಕಾರಿಡಾರಿನಲ್ಲೇ. ಉಳಿಸಿದ್ದು ಯಾರಿಗೆ ಅಂತ ನನಗೆ ಇವತ್ತಿಗೂ ಅರ್ಥ ಆಗುದಿಲ್ಲ.

ನಿಮಗೆ ಒಂದೇ ಮಾತು, ಜಿಪಿ ಆಗ್ತೇನೆ ಅಂತ ಬರುವುದಾದರೆ ಟ್ರೇನಿಂಗ್ ಸಿಕ್ಕಿದ ಮಾತ್ರಕ್ಕೆ ಆಯ್ತು ಅಂತ ತಿಳ್ಕೊಳ್ಳಬೇಡಿ.


ರೀಡಿಂಗ್_ಕನ್ನಡಿಗ:

ನಾನು ಡಾಕ್ಟರ್ ಅಲ್ಲ, ಐಟಿ, ಮೈಸೂರು ಕಡೆಯವನು. ಪೇಷಂಟ್ ಕಡೆಯಿಂದ ಒಂದು ಮಾತು ಹೇಳ್ಬೇಕು. ನಾವು ಟ್ಯಾಕ್ಸ್ ಕಟ್ತೀವಿ, ಅದಲ್ದೆ ವೀಸಾ ಜೊತೆ ತಲೆಗೆ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್‌ಚಾರ್ಜ್ ಮುಂಗಡ ಕಟ್ತೀವಿ, 2024ರ ಫೆಬ್ರವರಿಗೆ ಮುಂಚೆ ಅದು 624 ಇತ್ತು. ನನ್ನ ಹೆಂಡತಿಗೆ ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ), ಪ್ರತಿ ತಿಂಗಳು ರಕ್ತ ಹೋಗಿ ಹೋಗಿ ಹಿಮೋಗ್ಲೋಬಿನ್ ಪಾತಾಳಕ್ಕೆ ಇಳಿದಿತ್ತು, ಗೈನೆಕ್ ಸ್ಪೆಷಲಿಸ್ಟ್ ನೋಡೋಕೆ ತಿಂಗಳುಗಟ್ಟಲೆ ಕಾದು, ಕಡೆಗೂ ಡೇಟ್ ಬಂದ್ರೆ ಸ್ಟ್ರೈಕ್ ಅಂತ ಕ್ಯಾನ್ಸಲ್. ಊರಿಗೆ ಹೋಗಿ ಮಾಡಿಸ್ಕೊಂಡು ಬಂದ್ವಿ. ಡಾಕ್ಟರ್‌ಗಳ ಮೇಲೆ ಗೌರವ ಇದೆ, ಆದ್ರೆ ಕಾಯ್ತಾ ಇರೋ ಪೇಷಂಟ್‌ಗೆ ಏಟು ಬೀಳೋ ಥರ ಸ್ಟ್ರೈಕ್ ಮಾಡೋದು ನನಗೆ ಈಗಲೂ ಒಪ್ಪಿಗೆ ಆಗಲ್ಲ. 2024ರಲ್ಲಿ ಎರಡು ವರ್ಷದ ಲೆಕ್ಕಕ್ಕೆ 22 ಪರ್ಸೆಂಟ್ ಸಂಬಳ ಏರಿಕೆ ಕೊಟ್ರಲ್ಲ, ಆದ್ಮೇಲೂ 2025ರ ಜುಲೈನಲ್ಲಿ ಮತ್ತೆ ಸ್ಟ್ರೈಕ್‌ಗೆ ಕೂತ್ರು.

ಇಷ್ಟು ಹೇಳಿದ್ಮೇಲೆ ಇದನ್ನೂ ಹೇಳ್ತೀನಿ. ಲಂಡನ್‌ನಲ್ಲಿ ಥೇಮ್ಸ್ ದಡದಲ್ಲಿ ಬಸವಣ್ಣನವರ ಪ್ರತಿಮೆ ಇದೆಯಲ್ಲ, ಅದನ್ನ ನಿಲ್ಲಿಸೋಕೆ ಓಡಾಡಿದ ಕಲಬುರಗಿಯ ಡಾ. ನೀರಜ್ ಪಾಟೀಲ್ ಅವರೂ ಎನ್‌ಎಚ್‌ಎಸ್‌ನ ಎಮರ್ಜೆನ್ಸಿ ಡಾಕ್ಟರೇ. ನಮ್ಮೂರಿನ ಇಷ್ಟೊಂದು ಡಾಕ್ಟರ್‌ಗಳು ಇಲ್ಲಿ ಹಗಲು ರಾತ್ರಿ ದುಡಿದಿದ್ದಾರೆ, ಕೋವಿಡ್‌ನಲ್ಲಿ ಮೊದಮೊದಲು ತೀರ್ಕೊಂಡ ಡಾಕ್ಟರ್‌ಗಳಲ್ಲಿ ಹೆಚ್ಚಿನೋರು ಹೊರಗಿಂದ ಬಂದ ಮನೆತನದವರೇ. ಆಗ ಗುರುವಾರ ಗುರುವಾರ ಬಾಗಿಲಲ್ಲಿ ನಿಂತು ಚಪ್ಪಾಳೆ ಹೊಡೆದ್ವಿ. ಅವರ ಹೊಟ್ಟೆಪಾಡಿನ ಮಾತು ಬಂದಾಗ ಬೈಯೋದೂ ಸರಿ ಅಲ್ಲ ಅನ್ಸತ್ತೆ. ಹಾಗಿದ್ರೆ ಪೇಷಂಟ್‌ಗೆ ನ್ಯಾಯ ಎಲ್ಲಿ, ಅದನ್ನ ಯಾರಾದ್ರೂ ಹೇಳಿ.


ಹುಬ್ಬಳ್ಳಿ_ಮೆಡ್‌ರೆಗ್:

ಸರ್, ನಿಮ್ಮ ಮನ್ಯಾಗಿನವ್ರು ಅನುಭವಿಸಿದ್ದು ಓದಿ ಸಂಕಟ ಆತು, ಆ ಸಿಟ್ಟು ನ್ಯಾಯವಾದದ್ದು. ನಾ ಸ್ಟ್ರೈಕ್ ಮಾಡೇನಿ, ಯಾಕ ಅಂತ ಹೇಳ್ತೀನಿ. 2008ರಿಂದ ನಮ್ಮ ಸಂಬಳದ ಕಿಮ್ಮತ್ತು ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಇಳದಿತ್ತು ಅಂತ ಇಲ್ಲಿನ ಡಾಕ್ಟರ್‌ಗಳ ಸಂಘ ಬಿಎಂಎ ಲೆಕ್ಕ. ಯಾವ ಬೆಲೆ ಸೂಚ್ಯಂಕ ಹಿಡಿಬೇಕು ಅನ್ನೂದರ ಮ್ಯಾಲ ತಕರಾರು ಐತಿ, ಬ್ಯಾರೆ ಸೂಚ್ಯಂಕ ಹಿಡದ್ರ ಇಳಿಕೆ ಕಡಿಮಿ ಕಾಣತೈತಿ. 2025ರಾಗ ಮೊದಲ ವರ್ಷದ ಡಾಕ್ಟರ್ ಬೇಸಿಕ್ 38,831 ಪೌಂಡ್. ಊರಾಗಿನವ್ರು ಇದನ್ನ ರೂಪಾಯಿಗೆ ಗುಣಿಸಿ ಹೌಹಾರತಾರ, ಇಲ್ಲಿನ ಬಾಡಗಿ, ಪರೀಕ್ಷಾ ಫೀ, ಜಿಎಂಸಿ (ಇಲ್ಲಿನ ಮೆಡಿಕಲ್ ಕೌನ್ಸಿಲ್) ಫೀ, ವರ್ಷಕ್ಕೊಂದು ಊರಿಗೆ ಬದಲಿ, ಅದನ್ನೂ ಕಳೀಬೇಕು.

ಆದ್ರ ಸಂಬಳ ಅಷ್ಟ ಅಲ್ಲರಿ. 2025ರ ಕಡೀಕ ಜಗಳ ಪೋಸ್ಟ್ ಸುತ್ತನೂ ಬಂತು, ಡಾಕ್ಟರ್ ಆಗಿ ಕೆಲಸ ಇಲ್ಲದ ಕುಂದರೂ ಪರಿಸ್ಥಿತಿ ಬಂದದ್ದಕ್ಕ. ನಿಮ್ಮ ಮನ್ಯಾಗಿನವ್ರ ಅಪಾಯಿಂಟ್‌ಮೆಂಟ್ ಸ್ಟ್ರೈಕ್ ದಿನ ಹೋತು, ಅದಕ್ಕ ಹೊಣಿ ನಾವೂ ಹೌದು, ನಾ ಅಲ್ಲಂತ ಅನ್ನೂದಿಲ್ಲ. ಅದಕ್ಕ ಮೊದಲು ಅಷ್ಟ ತಿಂಗಳು ಕಾದ್ರಲ್ಲ, ಆ ಸಾಲು ಸ್ಟ್ರೈಕ್‌ಗಿಂತ ಹಳೇದು. 18 ವಾರದಾಗ ಟ್ರೀಟ್‌ಮೆಂಟ್ ಶುರು ಆಗಬೇಕು ಅನ್ನೂ ಟಾರ್ಗೆಟ್ 2016ರಾಗ ತಪ್ಪಿದ್ದು ಮತ್ತ ಮುಟ್ಟೇ ಇಲ್ಲ, ನಾಕು ತಾಸಿನ ಎ ಅಂಡ್ ಇ ಟಾರ್ಗೆಟ್ 2015ರಿಂದ ಮುಟ್ಟಿಲ್ಲ. ಕೋವಿಡ್ ಬರೂಕ್ಕಿಂತ ಮೊದಲಿನ ಮಾತು ಇದು.


ಮಲೆನಾಡು_ನಿವೃತ್ತ_ಸರ್ಜನ್:

ಡಾಕ್ಟ್ರಮ್ಮ, ನಾನು ರಾಜ್ಯ ಸರ್ಕಾರದ ಆರೋಗ್ಯ ಇಲಾಖೆಯಲ್ಲಿ ಸರ್ಜನ್ ಆಗಿ ಇಡೀ ಸರ್ವಿಸ್ ಕಳೆದವನು, ಪಿಎಚ್‌ಸಿಯಿಂದ ಜಿಲ್ಲಾ ಆಸ್ಪತ್ರೆವರೆಗೆ. ಇಂಗ್ಲೆಂಡಿನ ಕಥೆ ಓದ್ತಾ ಇದ್ರೆ ಯಾವುದೂ ಹೊಸದು ಅನ್ಸಲಿಲ್ಲ. ಅಲ್ಲಿ ಇದ್ದದ್ದನ್ನ ಸವೆಸ್ತಾ ಇದ್ದಾರೆ, ನಮ್ಮಲ್ಲಿ ಪೂರ್ತಿ ಕಟ್ಟೋದಕ್ಕೇ ಬಿಡಲಿಲ್ಲ, ಅಷ್ಟೇ ವ್ಯತ್ಯಾಸ. 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ 2025ರ ಹೊತ್ತಿಗೆ ಸರ್ಕಾರಗಳ ಆರೋಗ್ಯ ಖರ್ಚು ಜಿಡಿಪಿಯ 2.5 ಪರ್ಸೆಂಟ್ ಆಗ್ಬೇಕು ಅಂತ ಬರೆದ್ರು. 2021-22ರ ಲೆಕ್ಕದಲ್ಲಿ, ಅದೂ ಕೋವಿಡ್ ಖರ್ಚು ಸೇರಿದ ವರ್ಷ, ಅದು 1.84. ಒಟ್ಟು ಖರ್ಚಿನಲ್ಲಿ ಜನ ತಮ್ಮ ಜೇಬಿಂದ ಕೊಟ್ಟಿದ್ದು 39 ಪರ್ಸೆಂಟ್ ಮೇಲೆ. ನೀವು ಬರೆದ ಆ ಹೊರಗಡೆ ಚೀಟಿ ಇದೆಯಲ್ಲ, ಅದು ಈ ಲೆಕ್ಕದೊಳಗೇ ಬರೋದು.

ನಿಮ್ಮ ಸಂಬಳ ತಡ ಆಗೋದಕ್ಕೂ ಕಾರಣ ಹೇಳ್ತೀನಿ. ಕಾಂಟ್ರ್ಯಾಕ್ಟ್ ಪೋಸ್ಟ್ ಬಹುಪಾಲು ರಾಷ್ಟ್ರೀಯ ಆರೋಗ್ಯ ಮಿಷನ್ (ಎನ್‌ಎಚ್‌ಎಂ) ದುಡ್ಡಲ್ಲಿ ನಡೆಯತ್ತೆ. 2005ರಲ್ಲಿ ಗ್ರಾಮೀಣ ಆರೋಗ್ಯ ಮಿಷನ್ ಅಂತ ಶುರುವಾದಾಗ ಒಳ್ಳೇ ಉದ್ದೇಶ ಇತ್ತು, ಆಶಾ ಬಂದ್ರು, ಹೆರಿಗೆ ಆಸ್ಪತ್ರೆಗೆ ಬಂತು, ಅದನ್ನ ನನ್ನ ಕಣ್ಣಾರೆ ನೋಡಿದ್ದೀನಿ. 2015ರ ನಂತರ ಕೇಂದ್ರದ ಪಾಲು 75ರಿಂದ 60ಕ್ಕೆ ಇಳೀತು, ರಾಜ್ಯದ್ದು 40 ಆಯ್ತು. ಕಂತು ಬರೋದು, ಅದರ ಖರ್ಚಿನ ಸರ್ಟಿಫಿಕೇಟ್ ಹೋಗೋದು, ಮುಂದಿನ ಕಂತು ಬರೋದು, ಈ ಮಧ್ಯೆ ನಿಂತ್ರೆ ಮೊದಲು ನಿಲ್ಲೋದು ಕಾಂಟ್ರ್ಯಾಕ್ಟ್‌ನವರ ಸಂಬಳ. ಖಾಯಂ ಹುದ್ದೆ ಖಾಲಿ ಬಿಟ್ಟು ಕಾಂಟ್ರ್ಯಾಕ್ಟ್‌ನಲ್ಲಿ ತುಂಬೋದನ್ನ ನಾನು ಬಜೆಟ್ ಕಡಿತ ಅಂತಲೇ ಕರೀತೀನಿ, ಕಾಗದದಲ್ಲಿ ಅದಕ್ಕೆ ಬೇರೆ ಹೆಸರಿರಬಹುದು. ಆಶಾ ಕಾರ್ಯಕರ್ತೆಯರು 2025ರ ಜನವರಿ ಚಳಿಯಲ್ಲಿ ಫ್ರೀಡಂ ಪಾರ್ಕ್‌ನಲ್ಲಿ ರಾತ್ರಿ ಹಗಲು ಕೂತು ಕೇಳಿದ್ದು ತಿಂಗಳಿಗೆ ಒಂದು ನಿಗದಿ ಗೌರವಧನ, 10,000 ರೂಪಾಯಿ ಭರವಸೆ ತಗೊಂಡು ಎದ್ರು. ಊರಿನ ಪ್ರತಿ ಬಾಣಂತಿಯ ಲೆಕ್ಕ ಇಟ್ಟುಕೊಂಡಿರೋ ಹೆಂಗಸರು ಅವರು.

ಬಳ್ಳಾರಿ ನೆನಪಿಸ್ಕೊಳ್ಳಿ. 2024ರ ನವೆಂಬರ್‌ನಲ್ಲಿ ಸಿಸೇರಿಯನ್ ಆದ ಹೆಣ್ಣುಮಕ್ಕಳು ಒಬ್ಬರಾದ ಮೇಲೊಬ್ಬರು ಹೋದ್ರು, ಸರ್ಕಾರಿ ಸರಬರಾಜಿನ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಬಾಟಲಿ ಮೇಲೆ ಅನುಮಾನ ಬಂತು, ರಾಜ್ಯದ ಔಷಧ ನಿಯಂತ್ರಕರನ್ನ ಸಸ್ಪೆಂಡ್ ಮಾಡಿದ್ರು. ಆಪರೇಷನ್ ಮಾಡೋ ಡಾಕ್ಟರ್‌ಗೆ ಆ ಬಾಟಲಿ ಒಳಗೆ ಏನಿದೆ ಅಂತ ನೋಡೋ ದಾರಿ ಇಲ್ಲ, ಸ್ಟೋರ್‌ನಿಂದ ಬಂದಿದ್ದನ್ನ ನಂಬಿ ಹಾಕ್ಬೇಕು. ಕೊಳ್ಳೋದು, ಪರೀಕ್ಷೆ ಮಾಡೋದು, ಇನ್ಸ್‌ಪೆಕ್ಟರ್ ಹುದ್ದೆ ತುಂಬೋದು, ಇವೆಲ್ಲ ಯಾರ ಕಣ್ಣಿಗೂ ಬೀಳದ ಕೆಲಸ, ಇಂಗ್ಲೆಂಡಿನ ಚಾವಣಿ ರಿಪೇರಿ ಥರವೇ. ಉದ್ಘಾಟನೆಗೆ ಕಲ್ಲು ಹಾಕಿಸೋಕೆ ಆಗದಿರೋ ಖರ್ಚಿಗೆ ನಮ್ಮಲ್ಲಿ ಯಾವಾಗಲೂ ಕೈ ಬಿಗಿ.

ಹೋಗಿ ಅಂತಲೋ ಬೇಡ ಅಂತಲೋ ನಾನು ಹೇಳಲ್ಲ. ಆದ್ರೆ ಪ್ಲ್ಯಾಬ್ ಒಂದೇ ದಾರಿ ಅನ್ಕೋಬೇಡಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಪಿಜಿಗೆ ಸಮನಾದ ಡಿಎನ್‌ಬಿ ಸೀಟುಗಳಿವೆ, ಫೀ ಕೈಗೆಟುಕತ್ತೆ, ಕೇಸ್‌ಗಳು ಕೈತುಂಬಾ ಸಿಗತ್ತೆ. ಖಾಯಂ ನೇಮಕಾತಿಗೆ ಕರೆದಾಗ ಬಿಡಬೇಡಿ, ಸೇರಿದ್ರೆ ಪಿಜಿಗೆ ಇನ್-ಸರ್ವಿಸ್ ಕೋಟಾ ಸಿಗತ್ತೆ. ಮತ್ತೆ ಹೇಳಿಕೊಡೋರಿಲ್ಲ ಅಂದ್ರಲ್ಲ, ಅದು ನಿಜಕ್ಕೂ ದೊಡ್ಡ ಕೊರತೆ. ನಾನು ಪಿಎಚ್‌ಸಿಲಿ ಇದ್ದಾಗ ತಾಲ್ಲೂಕು ಆಸ್ಪತ್ರೆಯ ಫಿಸಿಷಿಯನ್ ಒಬ್ಬರ ರೌಂಡ್ಸ್‌ಗೆ ವಾರಕ್ಕೊಮ್ಮೆ ಬಸ್ ಹತ್ತಿ ಹೋಗ್ತಿದ್ದೆ, ಕಲಿತದ್ದೆಲ್ಲ ಅಲ್ಲೇ. ಅಂಥ ಫಿಸಿಷಿಯನ್ ಹುದ್ದೆಗಳು ಈಗ ಎಷ್ಟು ಕಡೆ ಖಾಲಿ ಬಿದ್ದಿವೆ ಅಂತ ನೀವೇ ನೋಡ್ತಿದ್ದೀರಿ.


ತಾಲ್ಲೂಕು_ಡ್ಯೂಟಿಡಾಕ್ಟರ್:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಎರಡು ಸಲ ಓದಿದೆ. ಸರ್ಜನ್ ಸರ್, ನಮ್ಮ ಆಸ್ಪತ್ರೇಲೂ ಫಿಸಿಷಿಯನ್ ಪೋಸ್ಟ್ ಖಾಲಿ ಇದೆ, ಬೋರ್ಡ್‌ನಲ್ಲಿ ಹೆಸರಿನ ಜಾಗ ಬಿಳಿ ಬಣ್ಣ ಬಳಿದಿದ್ದಾರೆ. ಡಿಎನ್‌ಬಿ ವಿಷಯ ನಾನು ಸೀರಿಯಸ್ ಆಗಿ ನೋಡಿರಲಿಲ್ಲ, ಈಗ ನೋಡ್ತೀನಿ. ರೀಡಿಂಗ್ ಸರ್, ನಿಮ್ಮ ಮಿಸೆಸ್ ಈಗ ಆರಾಮಿದ್ದಾರೆ ಅಂತ ನಂಬ್ತೀನಿ.

ಹುಬ್ಬಳ್ಳಿ ಸರ್‌ಗೆ ಇನ್ನೊಂದೇ ಪ್ರಶ್ನೆ. ಕೈಯಲ್ಲಿರೋ ಕೆಲಸ ಬಿಟ್ಟು ಓದ್ಬೇಕಾ? ಪ್ಲ್ಯಾಬ್ ವನ್ ಬೆಂಗಳೂರಲ್ಲೇ ಬರೀಬಹುದು, ಟೂಗೆ ಮ್ಯಾಂಚೆಸ್ಟರ್‌ಗೆ ಹೋಗ್ಬೇಕು, ವೀಸಾ, ಟಿಕೆಟ್, ಅಲ್ಲಿ ಉಳ್ಕೊಳ್ಳೋದು ಎಲ್ಲ ಸೇರಿದ್ರೆ ಸಾಲ ಮಾಡ್ಬೇಕು. ಅಪ್ಪ ಮಾಡ್ತೀನಿ ಅಂತಾರೆ, ಅದೇ ಹೆದರಿಕೆ.


ಹುಬ್ಬಳ್ಳಿ_ಮೆಡ್‌ರೆಗ್:

ಮೇಡಂ, ಕೆಲಸ ಮಾತ್ರ ಬಿಡಬ್ಯಾಡ್ರಿ. ಇಲ್ಲೆ ಶಾರ್ಟ್‌ಲಿಸ್ಟ್ ಮಾಡೂಮುಂದ ಮೊದಲು ನೋಡೂದು ಕೆಲಸದಾಗ ಗ್ಯಾಪ್ ಐತೇನು ಅಂತ. ಪೋಸ್ಟ್ ಜಾಹೀರಾತು ಬಂದ ಕೆಲವು ತಾಸಿನ್ಯಾಗ ನೂರಾರು ಅರ್ಜಿ ಬಂದು ಬಂದ್ ಮಾಡಿಬಿಡ್ತಾರ, ಅದರಾಗ ಗ್ಯಾಪ್ ಇದ್ದವ್ರನ್ನ ತೆರದೂ ನೋಡೂದಿಲ್ಲ. ತಾಲ್ಲೂಕು ಆಸ್ಪತ್ರ್ಯಾಗ ಒಬ್ಬರ ರಾತ್ರಿ ಡ್ಯೂಟಿ ಮಾಡೀರಿ, ಹಾವು ಕಚ್ಚಿದವ್ರನ್ನ, ಎಕ್ಲಾಂಪ್ಸಿಯಾ (ಬಸುರಿಗೆ ಬರೂ ಫಿಟ್ಸ್) ನೋಡೀರಿ, ಅದು ಸಣ್ಣ ಅನುಭವ ಅಲ್ಲ. ಒಂದು ಆಡಿಟ್ ಮಾಡ್ರಿ, ಉದಾಹರಣೆಗೆ ಇಂಡೆಂಟ್ ಹಾಕಿದ್ದೆಷ್ಟು, ಬಂದದ್ದೆಷ್ಟು, ಹೊರಗ ಬರದ ಚೀಟಿ ಎಷ್ಟು ಅಂತ ಆರು ತಿಂಗಳ ಲೆಕ್ಕ ಇಡ್ರಿ. ಇಂಟರ್‌ವ್ಯೂದಾಗ ಅದನ್ನ ಕೇಳೇ ಕೇಳತಾರ, ನಿಮ್ಮ ಆಸ್ಪತ್ರೆಗೂ ಉಪಯೋಗ ಆಗ್ತೈತಿ, ಟಿಎಚ್‌ಒ (ತಾಲ್ಲೂಕು ಆರೋಗ್ಯಾಧಿಕಾರಿ) ಮುಂದ ಇಡಾಕ ಒಂದು ಕಾಗದ ಸಿಗ್ತೈತಿ.

ಸಾಲ ಮಾಡಿ ಪ್ಲ್ಯಾಬ್ ಟೂಗೆ ಈಗ ಬರಬ್ಯಾಡ್ರಿ, ಇದು ನನ್ನ ಖಡಾಖಂಡಿತ ಅಭಿಪ್ರಾಯ. ಮೆಡಿಸಿನ್ ಮ್ಯಾಲ ಮನಸ್ಸೈತಿ ಅಂದ್ರ ಎಂಆರ್‌ಸಿಪಿ, ಅಂದ್ರ ಇಲ್ಲಿನ ಫಿಸಿಷಿಯನ್‌ಗಳ ಪಿಜಿ ಪರೀಕ್ಷಾ, ಅದರ ಪಾರ್ಟ್ ವನ್ ಓದ್ರಿ, ಭಾರತದಾಗನ ಬರೀಬಹುದು, ಪೂರ್ತಿ ಎಂಆರ್‌ಸಿಪಿ ಆದ್ರ ಪ್ಲ್ಯಾಬ್ ಇಲ್ಲದನೂ ಜಿಎಂಸಿ ರಿಜಿಸ್ಟ್ರೇಷನ್‌ಗೆ ದಾರಿ ಐತಿ, ಡಿಎನ್‌ಬಿ ಜೋಡಿನೂ ಓದಾಕ ಬರ್ತೈತಿ. ಅಷ್ಟರಾಗ ಇಲ್ಲಿನ ಟ್ರೇನಿಂಗ್ ನಿಯಮ ಏನಾಗ್ತಾವ ಅನ್ನೂದೂ ಗೊತ್ತಾಗ್ತೈತಿ. ನನ್ನ ಹಳೇ ನೋಟ್ಸ್, ಪ್ರಶ್ನೆ ಬ್ಯಾಂಕಿನಾಗ ಬರಕೊಂಡದ್ದೆಲ್ಲ ಅದಾವ, ಮೆಸೇಜ್ ಮಾಡ್ರಿ, ಸ್ಕ್ಯಾನ್ ಮಾಡಿ ಕಳಸ್ತೀನಿ. ಈ ವಾರ ನೈಟ್ಸ್ ಐತಿ, ಐತವಾರ ಉತ್ತರ ಕೊಡ್ತೀನಿ.